ಕೆಂಡಿ ನುಂಗಿದ ರಾಗಿಕಲ್ಲಿನ ಸದ್ದು

ಜಗತ್ತು ಆಗಿನ್ನೂ ಹೊಸದು. ಬೆಟ್ಟಗಳ ಮೈ ಬೆಚ್ಚಗಿತ್ತು. ಕೆರೆಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಯಾರು ಎಲ್ಲಿ ನಿಲ್ಲಬೇಕು ಎಂದು ನಕ್ಷತ್ರಗಳು ದಿನವೂ ಜಗಳವಾಡುತ್ತಿದ್ದವು.

ಆ ಕಾಲದಲ್ಲಿ ಒಂದು ಕಲ್ಲುಗುಡ್ಡ. ಗುಡ್ಡದ ಬುಡದಲ್ಲಿ ಒಂದು ಮಣ್ಣಿನ ಮನೆ. ಆ ಮನೆಯಲ್ಲಿ ಈರಜ್ಜಿ ಎಂಬ ಮುದುಕಿ. ಜಗತ್ತೇ ಹೊಸದಾಗಿದ್ದಾಗ ಅಜ್ಜಿಗೆ ಹೇಗೆ ವಯಸ್ಸಾಗಿತ್ತು ಎಂದು ಕೇಳಬೇಡಿ. ಅಜ್ಜಿಯಿಲ್ಲದೆ ಯಾವ ಜಗತ್ತು ತಾನೇ ಶುರುವಾದೀತು?

ಆಗ ಪ್ರಾಣಿಗಳಿಗೆಲ್ಲ ಸದ್ದು ಹಂಚುವ ಕೆಲಸ ಗಾಳಿಯದು. ಗಾಳಿ ಹೆಗಲಿಗೊಂದು ಚೀಲ ಹಾಕಿಕೊಂಡು ಊರೂರು ತಿರುಗುತ್ತಿತ್ತು. ಕಪ್ಪೆಗೆ ವಟವಟ ಕೊಟ್ಟಿತು. ಕಾಗೆಗೆ ಕಾಕಾ ಕೊಟ್ಟಿತು. ದನಕ್ಕೆ ಅಂಬಾ ಕೊಟ್ಟಿತು. ಕೋಳಿಗಂತೂ ಬೆಳಿಗ್ಗೆಗೊಂದು, ಮೊಟ್ಟೆ ಇಟ್ಟಾಗೊಂದು, ಮರಿಗಳನ್ನು ಕರೆಯಲು ಇನ್ನೊಂದು ಎಂದು ಧಾರಾಳವಾಗಿ ಕೊಟ್ಟುಬಿಟ್ಟಿತು. ಬೆಕ್ಕಿನ ಹತ್ತಿರ ಬರುವಷ್ಟರಲ್ಲಿ ಚೀಲದ ತಳದಲ್ಲಿ ಉಳಿದಿದ್ದು ಒಂದೇ ಒಂದು ಸದ್ದು. ಮಿಯಾವ್.

"ಇದೊಂದೇನಾ?" ಎಂದಿತು ಬೆಕ್ಕು.

"ಇರೋದು ಇಷ್ಟೇ ಕಣವ್ವ. ಹೆಂಗಾದ್ರೂ ಸುಧಾರಿಸ್ಕೊ," ಎಂದು ಗಾಳಿ ಖಾಲಿ ಚೀಲ ಕೊಡವಿಕೊಂಡು ಹೊರಟುಹೋಯಿತು.

ಹಾಗಾಗಿ ಬೆಕ್ಕಿಗೆ ಹಸಿವಾದರೂ ಮಿಯಾವ್, ಸಿಟ್ಟು ಬಂದರೂ ಮಿಯಾವ್, ಹೆದರಿಕೆಯಾದರೂ ಮಿಯಾವ್. ಸಿಟ್ಟು, ಭಯ, ದುಃಖ ಎಲ್ಲವೂ ಒಂದೇ ಸಲ ಬಂದರೆ ಆ ಒಂದು ಸಣ್ಣ ಬಾಗಿಲಲ್ಲಿ ಎಲ್ಲಕ್ಕೂ ಜಾಗ ಸಾಲುತ್ತಿರಲಿಲ್ಲ. ಒಳಗೇ ನೂಕುನುಗ್ಗಲು.

ಈರಜ್ಜಿಯ ಮನೆಗೆ ಬಂದ ಮರಿಯ ಹೆಸರು ಕೆಂಡಿ. ಮೈಬಣ್ಣ ಒಲೆಯ ಕೆಂಡದ ಹಾಗಿತ್ತು, ಅದಕ್ಕೇ ಆ ಹೆಸರು. ಅವಳು ಬಂದ ಕತೆ ಚೂರು ಕಷ್ಟದ್ದು. ಅವಳ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹಳ್ಳದ ಆಚೆ ದಡಕ್ಕೆ ಸಾಗಿಸುತ್ತಿತ್ತು. ಕೊನೆಗೆ ಉಳಿದವಳು ಕೆಂಡಿ. ಅಷ್ಟರಲ್ಲಿ ಗುಡ್ಡದ ಮೇಲೆ ಮಳೆ ಹೊಯ್ದು ಹಳ್ಳ ತುಂಬಿ ಬಂತು. ತಾಯಿ ಆಚೆ ನಿಂತು ಕೂಗಿತು, ಕೆಂಡಿ ಈಚೆ ನಿಂತು ಕೂಗಿದಳು. ನೀರಿನ ಅಬ್ಬರದಲ್ಲಿ ಇಬ್ಬರಿಗೂ ಏನೂ ಕೇಳಿಸಲಿಲ್ಲ. ಮಳೆ ನಿಂತ ಮೇಲೆ ಸೌದೆಗೆ ಹೋಗಿದ್ದ ಈರಜ್ಜಿ, ನೆನೆದು ತೊಪ್ಪೆಯಾಗಿದ್ದ ಮರಿಯನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ಬಂದಳು.

ಅಂದಿನಿಂದ ಕೆಂಡಿಗೆ ಯಾವ ಸದ್ದು ಕೇಳಿದರೂ ಹಳ್ಳವೇ ಬಂದ ಹಾಗೆ. ಬಿಂದಿಗೆ ಉರುಳಿದರೆ ಹಳ್ಳ. ಬಾಗಿಲು ದಡಾರೆಂದರೆ ಹಳ್ಳ. ಮೊದಲು ಹೊಟ್ಟೆಯಲ್ಲಿ ಏನೋ ಅಲ್ಲಾಡುತ್ತಿತ್ತು. ಆಮೇಲೆ ಅದು ಬೆನ್ನು ಹತ್ತಿ ಬಾಲಕ್ಕೆ ಬಂದು ಕೂದಲನ್ನೆಲ್ಲ ನೆಟ್ಟಗೆ ನಿಲ್ಲಿಸುತ್ತಿತ್ತು. ಆಮೇಲೆ ಏನಾಗುತ್ತಿತ್ತೋ ಅವಳಿಗೇ ತಿಳಿಯುತ್ತಿರಲಿಲ್ಲ. ಎಚ್ಚರವಾಗುವಷ್ಟರಲ್ಲಿ ಮೊಸರಿನ ಗಡಿಗೆ ಒಡೆದಿರುತ್ತಿತ್ತು, ಕಂಬಳಿ ಹರಿದಿರುತ್ತಿತ್ತು, ಯಾರದೋ ಕೈಯಲ್ಲಿ ರಕ್ತ ಬಂದಿರುತ್ತಿತ್ತು. ಆಗ ಕೆಂಡಿ ರಾಗಿ ತುಂಬಿದ ಗುಡಾಣದ ಹಿಂದೆ ಸೇರಿ, ಗೋಡೆಗೆ ಮುಖ ಮಾಡಿಕೊಂಡು ಕೂರುತ್ತಿದ್ದಳು. ನಾನು ಯಾಕೆ ಹೀಗೆ ಎಂದು ಅವಳಿಗೆ ತುಂಬ ನಾಚಿಕೆಯಾಗುತ್ತಿತ್ತು.

ರಕ್ತ ಬಂದ ಕೈ ಹೆಚ್ಚಾಗಿ ಸೊಸೆ ನಿಂಗಿಯದು. ಅವಳಿಗೊಂದು ಹಸುಗೂಸು. ಅಡುಗೆಮನೆಯ ತೊಲೆಗೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುತ್ತಿದ್ದಳು.

"ಅತ್ತೆಮ್ಮ, ಈ ಬೆಕ್ಕು ನಮಗೆ ಬ್ಯಾಡ. ಕೂಸಿರೋ ಮನೆ ಇದು," ಎಂದಳು ನಿಂಗಿ.

"ಅದಕ್ಕೆ ಕೆಟ್ಟಬುದ್ಧಿ ಇಲ್ಲ ಕಣೆ ನಿಂಗಿ," ಎಂದಳು ಈರಜ್ಜಿ. "ಅದರ ಹೊಟ್ಟೇಲಿ ಮಳೆ ಬತ್ತದೆ, ಅಷ್ಟೇಯ."

"ಹೊಟ್ಟೇಲಿ ಮಳೆ ಬಂದ್ರೆ ನನ್ನ ಕೈ ಯಾಕೆ ಪರಚಬೇಕು?"

ನಿಂಗಿ ಕೇಳಿದ್ದೂ ತಪ್ಪಲ್ಲ ನೋಡಿ.

ಈರಜ್ಜಿಯ ಮನೆಯಲ್ಲಿ ಒಂದು ರಾಗಿಕಲ್ಲಿತ್ತು. ಕೆಳಗೊಂದು ಕಲ್ಲು, ಅದರ ಮೇಲೊಂದು ಕಲ್ಲು, ಮೇಲಿನ ಕಲ್ಲಿಗೆ ಹಿಡಿದು ತಿರುಗಿಸಲು ಒಂದು ಮರದ ಗೂಟ, ನಡುವೆ ರಾಗಿ ಹಾಕಲು ಒಂದು ಬಾಯಿ. ಕೋಳಿ ಕೂಗುವ ಹೊತ್ತಿಗೆ ಅಜ್ಜಿ ಎದ್ದು, ಕಾಲು ಚಾಚಿ ಕೂತು, ಮೊರದಿಂದ ಒಂದು ಹಿಡಿ ರಾಗಿ ಆ ಬಾಯಿಗೆ ಹಾಕಿ ಬೀಸಲು ಶುರುಮಾಡುತ್ತಿದ್ದಳು. ಬೀಸುತ್ತ ಮೆಲ್ಲಗೆ ಹಾಡುತ್ತಿದ್ದಳು.

"ಸುತ್ತು ನನ ಕಲ್ಲವ್ವ, ಸುತ್ತು ಮೆಲ್ಲಗೆ ಸುತ್ತು
ಹೊತ್ತು ಹುಟ್ಟೋಕೆ ಅವಸರವಿಲ್ಲ, ನನ ಕಲ್ಲೆ
ಹಿಟ್ಟು ಬಿದ್ದಷ್ಟು ಬೀಳಲಿ."

ಒಂದು ಬೆಳಿಗ್ಗೆ ಎಲ್ಲಿಯೋ ಒಂದು ತೆಂಗಿನ ಗರಿ ಬಿತ್ತು. ಕೆಂಡಿಯ ಹೊಟ್ಟೆಯಲ್ಲಿ ಮಳೆ ಶುರುವಾಯಿತು. ದಿಕ್ಕು ತೋಚದೆ ಓಡಿ, ಗೋಡೆ ಹತ್ತಿ, ಗೋಡೆಯಿಂದ ಬಿದ್ದು, ಕೊನೆಗೆ ರಾಗಿಕಲ್ಲಿನ ಪಕ್ಕಕ್ಕೆ ಬಂದು ಬಿದ್ದಳು. ಅವಳ ಬೆನ್ನು ಕೆಳಗಿನ ಕಲ್ಲಿಗೆ ತಗುಲಿತು.

ಗುರ್ರ್... ಗುರ್ರ್... ಗುರ್ರ್...

ಕಲ್ಲಿನ ನಡುಕ ಕಲ್ಲಿನಿಂದ ಬೆನ್ನಿಗೆ, ಬೆನ್ನಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯಿತು. ಬಾಲದ ಕೂದಲು ಒಂದೊಂದಾಗಿ ಮಲಗಿದವು. ಕಣ್ಣು ತಾನಾಗಿ ಮುಚ್ಚಿತು. ತಾಯಿಯಿಂದ ಅಗಲಿದ ಮೇಲೆ ಮೊದಲ ಸಲ ಕೆಂಡಿಗೆ ನೆಮ್ಮದಿಯ ನಿದ್ದೆ ಬಂತು.

"ಓಹೋ," ಎಂದಳು ಅಜ್ಜಿ, ಬೀಸುವುದನ್ನು ನಿಲ್ಲಿಸದೆ. "ನಿನಗೂ ಇದೇ ಬೇಕಾ? ನಿಮ್ಮ ತಾತ ಸತ್ತಾಗ ನನ್ನೆದೆಯೂ ಹಿಂಗೇ ಕುದೀತಿತ್ತು ಮಗಳೆ. ದಿನಾ ಬೀಸ್ತಾ ಬೀಸ್ತಾ ಅದೂ ಹಿಟ್ಟಾಯ್ತು."

ಅಂದಿನಿಂದ ಕೆಂಡಿಯ ಜಾಗ ಅದೇ ಆಯಿತು. ಇಲ್ಲಿಗೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಈರಜ್ಜಿಯ ಪ್ರೀತಿ ಸ್ವಲ್ಪ ಅತಿ.

ಬೆಳಿಗ್ಗೆ ಬೀಸಿ ಮುಗಿಸಿದ ಮೇಲೂ ಮರಿ ಅರಚಿಕೊಂಡರೆ ಸಾಕು, ಅಜ್ಜಿ ಓಡಿಬಂದು ಬರಿಗಲ್ಲನ್ನೇ ತಿರುಗಿಸುತ್ತಿದ್ದಳು. ಮಧ್ಯಾಹ್ನ ಅರಚಿದರೆ ಮಧ್ಯಾಹ್ನ, ಸಂಜೆ ಅರಚಿದರೆ ಸಂಜೆ. ರಾಗಿಯಿಲ್ಲದ ಕಲ್ಲನ್ನು ಬೀಸಬಾರದು ಎನ್ನುವುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸೊಸೆಗೆ ಹೇಳಿಕೊಟ್ಟವಳೇ ಅವಳು. ನಡುವೆ ಕಾಳಿಲ್ಲದಿದ್ದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಆದರೂ ಮರಿಯ ಕೂಗು ಕೇಳಿದೊಡನೆ ಅಜ್ಜಿಗೆ ಕೈ ತಡೆಯುತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ಮುದ್ದೆಯಲ್ಲಿ ಕರಕರ ಶುರುವಾಯಿತು. ಅಜ್ಜಿಯ ಮಗ ಮಾಳಿಗ ಉಣ್ಣುತ್ತಾ ಉಣ್ಣುತ್ತಾ ಮುಖ ಕಿವುಚಿದ. ನಿಂಗಿ ಬಾಯಿಂದ ಒಂದು ಕಲ್ಲಿನ ಚೂರು ತೆಗೆದು ತಟ್ಟೆಯ ಅಂಚಿಗಿಟ್ಟಳು.

"ಅತ್ತೆಮ್ಮ, ನಾವು ರಾಗಿ ಮುದ್ದೆ ಉಣ್ತಾ ಇದೀವಾ, ಕಲ್ಲು ಮುದ್ದೆ ಉಣ್ತಾ ಇದೀವಾ?"

ಊಟವಾದ ಮೇಲೆ ಮೇಲಿನ ಕಲ್ಲನ್ನು ಎತ್ತಿಸಿ ನೋಡಿದರು. ರಾಗಿ ನುರಿಸುವ ಕಚ್ಚುಗಳೆಲ್ಲ ಸವೆದು ಕಲ್ಲು ನುಣ್ಣಗಾಗಿತ್ತು. ಒಂದು ಕಡೆ ಕೂದಲೆಳೆಯಷ್ಟು ಬಿರುಕು. ಇನ್ನು ಹೀಗೇ ಬಿಟ್ಟರೆ ಒಡೆಯುತ್ತದೆ. ಕಲ್ಲು ಒಡೆದರೆ ಮನೆಗೆ ಹಿಟ್ಟಿಲ್ಲ.

"ತವರಿಗೆ ಕಳಿಸಬೇಕು," ಎಂದಳು ಅಜ್ಜಿ.

ಆಗ ರಾಗಿಕಲ್ಲುಗಳಿಗೆ ಗುಡ್ಡವೇ ತವರು. ಸವೆದ ಕಲ್ಲನ್ನು ಗುಡ್ಡದ ಮೇಲಿನ ದೊಡ್ಡ ಬಂಡೆಯ ಹತ್ತಿರ ಒಯ್ದು, ಬಾಗಿನದ ಹಾಗೆ ಅರಿಶಿನ ಕುಂಕುಮ ಇಟ್ಟು, ಉಳಿಯಿಂದ ಹೊಸದಾಗಿ ಕಚ್ಚು ಮಾಡಿಸಿ ಕರೆತರುತ್ತಿದ್ದರು. ಹೋದ ಹೆಣ್ಣುಮಗಳು ಚೇತರಿಸಿಕೊಂಡು ಬರಬೇಡವೇ?

ನಿಂಗಿ ಅವತ್ತು ನೇರವಾಗಿಯೇ ಹೇಳಿದಳು. "ಕಲ್ಲು ಬರೋವರೆಗೂ ನೋಡ್ತೀನಿ ಅತ್ತೆಮ್ಮ. ಅಷ್ಟರಲ್ಲಿ ಇದು ಇನ್ನೊಂದು ಸಲ ಹಿಂಗೇ ಮೈಮೇಲೆ ಬಂದಂಗೆ ಆಡಿದ್ರೆ ಹಳ್ಳ ದಾಟಿಸಿ ಬಿಟ್ಟುಬತ್ತೀನಿ. ನನಗೆ ನನ್ನ ಕೂಸು ಮುಖ್ಯ."

ಅಜ್ಜಿ ಮಾಳಿಗನ ಮುಖ ನೋಡಿದಳು. ಮಾಳಿಗ ಸೂರು ನೋಡಿದ. ಅಜ್ಜಿ ನಿಧಾನಕ್ಕೆ ತಲೆಯಾಡಿಸಿದಳು.

ಗುಡಾಣದ ಹಿಂದಿದ್ದ ಕೆಂಡಿಗೆ ಎಲ್ಲವೂ ಕೇಳಿಸಿತು. ಹಳ್ಳ ಎಂಬ ಮಾತಿಗೇ ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು.

ಮಾರನೆಯ ಬೆಳಿಗ್ಗೆ ಮಾಳಿಗ ಹಗ್ಗ ತರಲು ಹಿತ್ತಲಿಗೆ ಹೋದಾಗ ಕೆಂಡಿ ಕಲ್ಲಿನ ಹತ್ತಿರ ಬಂದು ಕೂತಳು. "ಕಲ್ಲಮ್ಮ, ನನ್ನಿಂದ ನೀನು ಸವೆದೆ," ಎಂದಳು. ಹೇಳುವಾಗ ಅವಳಿಗೆ ಅಳು ಬಂತು.

ಕಲ್ಲಿನ ದನಿ ಭಾರವಾಗಿತ್ತು, ಸಾವಕಾಶವಾಗಿತ್ತು. "ಅಳಬ್ಯಾಡ. ನಾನೊಂದು ಕೇಳ್ತೀನಿ, ಹೇಳು. ನನ್ನ ಬಾಯಿ ಎಷ್ಟು ದೊಡ್ಡದು?"

"ಅಜ್ಜಿಯ ಒಂದು ಹಿಡಿಯಷ್ಟು."

"ಮೊರದಲ್ಲಿ ರಾಗಿ ಎಷ್ಟಿರ್ತದೆ?"

"ರಾಶಿ ಇರ್ತದೆ."

"ಅಷ್ಟನ್ನೂ ಒಂದೇ ಸಲಕ್ಕೆ ಸುರಿದ್ರೆ?"

ಕೆಂಡಿ ನೋಡಿದ್ದಳು. ಒಂದು ದಿನ ನಿಂಗಿ ಅವಸರದಲ್ಲಿ ಹಾಗೆ ಮಾಡಿದ್ದಳು. ಕಲ್ಲು ಕಚ್ಚಿಕೊಂಡು ಅಲ್ಲಾಡದೆ ನಿಂತಿತ್ತು, ರಾಗಿ ನೆಲದ ತುಂಬ ಚೆಲ್ಲಿತ್ತು. "ತಿರುಗೋದೇ ಇಲ್ಲ," ಎಂದಳು.

"ಹೂಂ. ನಿನಗೆ ಆಗೋದೂ ಅದೇ ಮಗಳೆ. ಮೊರ ತುಂಬ ಹೆದರಿಕೆ ಐತೆ ಅಂತ ಮೊರಾನೇ ಸುರ್ಕೋತೀಯ. ಒಂದು ಹಿಡಿ ತಗೊ. ಬೀಸು. ಅದು ಹಿಟ್ಟಾಗಲಿ. ಆಮೇಲೆ ಇನ್ನೊಂದು ಹಿಡಿ."

"ಬೀಸೋಕೆ ನನ್ನ ಹತ್ತಿರ ಕಲ್ಲಿಲ್ಲವಲ್ಲ ಕಲ್ಲಮ್ಮ?"

ಕಲ್ಲು ಏನೋ ಹೇಳಹೊರಟಿತು. ಅಷ್ಟರಲ್ಲಿ ಮಾಳಿಗ ಹಗ್ಗ ತಂದು, ಮೇಲಿನ ಕಲ್ಲನ್ನು ಬಿಗಿದು, ಬೆನ್ನಿಗೆ ಹೊತ್ತುಕೊಂಡ. ಅಜ್ಜಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಿಂದೆ ಹೊರಟಳು. ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು. ಕೆಂಡಿಯೂ ನೋಡಿದಳು.

ಅವರು ಗುಡ್ಡ ಹತ್ತಿ ಮರೆಯಾದ ಮೇಲೆ ಮೋಡ ಕವಿಯಿತು. ಹೊರಗೆ ಕಣದಲ್ಲಿ ರಾಗಿ ತೆನೆಯ ರಾಶಿ ಬಿದ್ದಿತ್ತು. ನೆನೆದರೆ ವರ್ಷದ ಅನ್ನ ಹೋದ ಹಾಗೆ. ನಿಂಗಿ ಮಲಗಿದ್ದ ಮಗುವನ್ನು ಒಮ್ಮೆ ಬಗ್ಗಿ ನೋಡಿ, ರಾಶಿ ಮುಚ್ಚಲು ಕಣಕ್ಕೆ ಓಡಿದಳು.

ಆಗ ಗುಡುಗಿತು. ಎಂಥ ಗುಡುಗು ಅಂತೀರಿ! ಹೊಸ ಜಗತ್ತಿನ ಹೊಸ ಗುಡುಗು, ಎಷ್ಟು ಜೋರಾಗಿ ಗುಡುಗಬೇಕೆಂಬ ಅಂದಾಜೇ ಅದಕ್ಕಿರಲಿಲ್ಲ. ಅಟ್ಟದ ಮೇಲಿನ ಗಡಿಗೆಗಳು ಒಂದಕ್ಕೊಂದು ತಾಗಿದವು. ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು. ದೂರದಲ್ಲಿ ಹಳ್ಳ ತುಂಬಿ ಬರುವ ಅಬ್ಬರ ಕೇಳಿಸತೊಡಗಿತು. ಈ ಸಲ ಅದು ನಿಜವಾದ ಹಳ್ಳ.

ಕೆಂಡಿಯ ಹೊಟ್ಟೆಯಲ್ಲಿ ಅಲ್ಲಾಡಿತು. ಬೆನ್ನು ಹತ್ತಿತು. ಬಾಲಕ್ಕೆ ಬಂತು. ಅವಳು ಜಿಗಿದಳು. ಎಲ್ಲಿಗೆ ಜಿಗಿದಳೆಂದು ಅವಳಿಗೆ ತಿಳಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಜೋಲಿಗೆ ನೇತುಬಿದ್ದಿದ್ದಾಳೆ. ಉಗುರುಗಳೆಲ್ಲ ಹೊರಗೆ ಬಂದು ಸೀರೆಯಲ್ಲಿ ನೆಟ್ಟಿವೆ. ಅಲ್ಲೇ ಪಕ್ಕದಲ್ಲಿ ಮಗುವಿನ ಕೆನ್ನೆ.

ಒಂದೊಂದೇ ಉಗುರು ಬಿಡಿಸಿಕೊಂಡು ಕೆಳಗೆ ಬಿದ್ದಳು. ಬಿದ್ದವಳೇ ರಾಗಿಕಲ್ಲಿನ ಜಾಗಕ್ಕೆ ಓಡಿದಳು.

ಅಲ್ಲಿ ಕೆಳಗಿನ ಕಲ್ಲೊಂದೇ ಇತ್ತು. ತಣ್ಣಗೆ, ಸುಮ್ಮನೆ ಇತ್ತು. ಬೆನ್ನು ತಾಗಿಸಿದಳು, ನಡುಕವಿಲ್ಲ. ಕಿವಿ ಇಟ್ಟಳು, ಸದ್ದಿಲ್ಲ. ತಿರುಗಿಸುವ ಅಜ್ಜಿಯೂ ಇಲ್ಲ.

ಕೊನೆಗೆ ಕೆಂಡಿ ತಾನೇ ಕಲ್ಲಿನ ಮೇಲೆ ಹತ್ತಿ ನಿಂತಳು. ಮೇಲಿನ ಕಲ್ಲು ತಿರುಗುತ್ತಿದ್ದ ಜಾಗದಲ್ಲೇ ತಾನು ತಿರುಗತೊಡಗಿದಳು. ಮೊದಲು ದಡಬಡ ತಿರುಗಿದಳು, ಇನ್ನಷ್ಟು ಹೆದರಿಕೆಯಾಯಿತು. ಆಗ ಅಜ್ಜಿಯ ಹಾಡು ನೆನಪಾಯಿತು. ಸುತ್ತು ಮೆಲ್ಲಗೆ ಸುತ್ತು.

ಮೆಲ್ಲಗೆ ಸುತ್ತಿದಳು.

ಮೊದಲ ಹಿಡಿ, ಗುಡುಗು. ಅದು ಮೇಲಿದೆ, ನಾನು ಸೂರಿನ ಕೆಳಗಿದ್ದೇನೆ. ಸುತ್ತಿದಳು.

ಇನ್ನೊಂದು ಹಿಡಿ, ನಿಂಗಿಯ ಸಿಟ್ಟು. ಅವಳು ತನ್ನ ಕೂಸಿಗಾಗಿ ಹೆದರಿದ್ದಾಳೆ, ನನ್ನ ಹಾಗೇ. ಸುತ್ತಿದಳು.

ಆಮೇಲೆ ಹಳ್ಳ. ಹಳ್ಳದ ಆಚೆ ನಿಂತು ಕೂಗುತ್ತಿದ್ದ ಅಮ್ಮ. ಈ ಹಿಡಿ ಸುಲಭಕ್ಕೆ ನುರಿಯಲಿಲ್ಲ. ಒಂದು ಸುತ್ತಿಗೆ ಆಗಲಿಲ್ಲ, ಇನ್ನೊಂದು ಸುತ್ತಿಗೂ ಆಗಲಿಲ್ಲ. ಅಮ್ಮನ ಬಾಯಿಯ ಬಿಸಿ, ಅಮ್ಮನ ನಾಲಗೆಯ ಒರಟು, ಎಲ್ಲ ನೆನಪಾಗಿ ಕೆಂಡಿ ಅತ್ತಳು. ಅಳುತ್ತಲೇ ಸುತ್ತಿದಳು. ಸುತ್ತಿ ಸುತ್ತಿ ಸುಸ್ತಾಗಿ, ಮೈಯನ್ನು ದುಂಡಗೆ ಮಾಡಿಕೊಂಡು ಅಲ್ಲೇ ಮಲಗಿದಳು.

ಗುರ್ರ್.

ಕೆಂಡಿ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಅಜ್ಜಿ ಬಂದಳೇ? ಯಾರೂ ಇರಲಿಲ್ಲ. ಕೆಳಗಿನ ಕಲ್ಲನ್ನು ನೋಡಿದಳು. ಅದು ಸುಮ್ಮನೆ ಇತ್ತು.

ಗುರ್ರ್... ಗುರ್ರ್...

ಸದ್ದು ಬರುತ್ತಿದ್ದುದು ಅವಳ ಎದೆಯಿಂದಲೇ! ಕಲ್ಲಿಗೆ ಬೆನ್ನು ಕೊಟ್ಟು ಮಲಗಿದ ಅಷ್ಟೂ ಬೆಳಿಗ್ಗೆಗಳು ಅವಳೊಳಗೆ ಎಲ್ಲಿಯೋ ಕೂತಿದ್ದವು. ಈಗ ಅವೇ ತಿರುಗುತ್ತಿದ್ದವು. ಬಾಲದ ಕೂದಲು ಒಂದೊಂದಾಗಿ ಮಲಗಿದವು.

ಜೋಲಿಯಲ್ಲಿ ಮಗು ಇನ್ನೂ ಅಳುತ್ತಿತ್ತು. ಕೆಂಡಿ ಉಗುರುಗಳನ್ನೆಲ್ಲ ಒಳಗೆಳೆದುಕೊಂಡು, ಹಗುರವಾಗಿ ಜೋಲಿಗೆ ಹಾರಿ, ಮಗುವಿನ ಪಾದದ ಹತ್ತಿರ ಸುತ್ತಿ ಮಲಗಿದಳು. ಗುರ್ರ್... ಗುರ್ರ್... ಮಗು ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ಆಮೇಲೆ ಬೆರಳು ಚೀಪತೊಡಗಿತು.

ನಿಂಗಿ ರಾಶಿ ಮುಚ್ಚಿ, ಮಗುವಿನ ಕೂಗು ಕೇಳಿ ಎದ್ದುಬಿದ್ದು ಓಡಿಬಂದಳು. ಬಾಗಿಲಿಗೆ ಬರುವಾಗ ಕೂಗು ನಿಂತಿತ್ತು. ಕೂಗು ನಿಂತದ್ದಕ್ಕೆ ಅವಳಿಗೆ ಇನ್ನೂ ಭಯವಾಯಿತು. ಹೊಸ್ತಿಲಲ್ಲಿ ನಿಂತಳು. ಒಳಗೆ ಯಾರೋ ರಾಗಿ ಬೀಸುತ್ತಿದ್ದರು.

"ಅತ್ತೆಮ್ಮ? ಬಂದ್ರಾ?"

ಕಲ್ಲಿನ ಹತ್ತಿರ ಯಾರೂ ಇಲ್ಲ. ನಿಂಗಿ ಸದ್ದನ್ನು ಹುಡುಕುತ್ತ ಜೋಲಿಯ ಹತ್ತಿರ ಬಂದು ಬಗ್ಗಿದಳು. ಬೆಕ್ಕನ್ನು ಕಂಡದ್ದೇ ಓಡಿಸಲು ಕೈಯೆತ್ತಿದಳು. ಆಮೇಲೆ ಮಗುವಿನ ಮುಖ ನೋಡಿದಳು. ಎತ್ತಿದ ಕೈಯನ್ನು ಮೆಲ್ಲಗಿಳಿಸಿ ಕೆಂಡಿಯ ಬೆನ್ನ ಮೇಲಿಟ್ಟಳು. ಕೈಯೊಳಗೆ ಕಲ್ಲು ತಿರುಗಿತು.

ಮಳೆ ನಿಂತ ಮೇಲೆ ಈರಜ್ಜಿಯೂ ಮಾಳಿಗನೂ ಹೊಸ ಕಚ್ಚಿನ ಕಲ್ಲು ಹೊತ್ತು ಬಂದರು. ಅಜ್ಜಿಗೆ ದಾರಿಯುದ್ದಕ್ಕೂ ಜೀವದಲ್ಲಿ ಜೀವವಿರಲಿಲ್ಲ. ಗುಡುಗಿಗೆ ಮರಿ ಏನು ಮಾಡಿತೋ, ಸೊಸೆ ಅದನ್ನು ಹಳ್ಳ ದಾಟಿಸಿಯೇಬಿಟ್ಟಳೋ ಎಂದು.

ಬಾಗಿಲಲ್ಲಿ ನಿಂಗಿ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು.

"ಮೆಲ್ಲಗೆ ಬನ್ನಿ ಅತ್ತೆಮ್ಮ," ಎಂದಳು. "ಒಳಗೆ ನಿಮ್ಮ ಮಗಳು ಬೀಸ್ತಾವ್ಳೆ."

ಸಂಜೆ ಆ ದಾರಿಯಲ್ಲಿ ಹೋಗುತ್ತಿದ್ದ ಗಾಳಿ ಕಿಟಕಿಯಲ್ಲಿ ಇಣುಕಿ ಬೆರಗಾಯಿತು. "ಇದೇನಿದು? ಈ ಸದ್ದು ನನ್ನ ಚೀಲದಲ್ಲಿ ಇರಲೇ ಇಲ್ಲವಲ್ಲ! ಯಾರು ಕೊಟ್ಟರು?"

"ಅಜ್ಜಿ ಕೊಟ್ಟಳು, ಕಲ್ಲಮ್ಮ ಕೊಟ್ಟಳು," ಎಂದಳು ಕೆಂಡಿ. "ಬೀಸಿಕೊಂಡವಳು ನಾನು."

ಕೆಂಡಿಯ ಹೆದರಿಕೆ ಅಂದಿಗೇ ಮುಗಿಯಿತು ಎಂದುಕೊಂಡಿರಾ? ಇಲ್ಲ. ಗುಡುಗಿದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಅಲ್ಲಾಡುತ್ತಲೇ ಇತ್ತು. ಒಮ್ಮೊಮ್ಮೆ ಬಾಲದವರೆಗೂ ಬಂದುಬಿಡುತ್ತಿತ್ತು. ಒಂದೆರಡು ಗಡಿಗೆ ಆಮೇಲೂ ಒಡೆದವು. ಆದರೆ ಈಗ ಅವಳಿಗೆ ಹೋಗಿ ಕೂರುವುದಕ್ಕೊಂದು ಜಾಗವಿತ್ತು, ಆ ಜಾಗ ಅವಳೊಳಗೇ ಇತ್ತು. ಅಜ್ಜಿಯೂ ಬರಿಗಲ್ಲು ಬೀಸುವುದನ್ನು ಬಿಟ್ಟಳು. ಮುದ್ದೆ ಮತ್ತೆ ನುಣ್ಣಗಾಯಿತು.

ಕಾಲ ಸರಿಯಿತು. ಜೋಲಿಯ ಮಗು ಓಡಾಡಿ, ಬೆಳೆದು, ತಾನೇ ಮೊರ ಹಿಡಿಯುವಷ್ಟಾಯಿತು. ಈರಜ್ಜಿಯ ಕೈಯಲ್ಲಿ ಕಸುವು ಉಳಿಯಲಿಲ್ಲ. ಗೂಟ ಹಿಡಿಯಲಾಗದೆ ಅವಳು ಕಲ್ಲಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಸತ್ತುಹೋದ ಗಂಡ, ಹಳೆಯ ಬೆಳಿಗ್ಗೆಗಳು, ಬೀಸುವ ಹಾಡು, ಎಲ್ಲವೂ ಒಟ್ಟಿಗೆ ನೆನಪಾಗಿ ಅವಳ ಕಣ್ಣು ತುಂಬುತ್ತಿತ್ತು. ಆಗ ಮುದಿಬೆಕ್ಕು ಕೆಂಡಿ ನಿಧಾನಕ್ಕೆ ಬಂದು, ಅಜ್ಜಿಯ ಎದೆಯ ಮೇಲೆ ಒಮ್ಮೆ ಸುತ್ತಿ, ದುಂಡಗೆ ಮಲಗಿ ಬೀಸುತ್ತಿದ್ದಳು. ಗುರ್ರ್... ಗುರ್ರ್... ಅಜ್ಜಿಯ ಉಸಿರು ಸಾವಕಾಶವಾಗುವವರೆಗೂ ಬೀಸುತ್ತಿದ್ದಳು.

"ಸಾಕು ಮಗಳೆ," ಎನ್ನುತ್ತಿದ್ದಳು ಅಜ್ಜಿ, ಅವಳ ತಲೆ ಸವರುತ್ತ. "ಹಿಟ್ಟಾಯ್ತು."

ಕೆಂಡಿ ಅದನ್ನು ತನ್ನ ಮರಿಗಳಿಗೆ ಕಲಿಸಿದಳು. ಅವು ತಮ್ಮ ಮರಿಗಳಿಗೆ ಕಲಿಸಿದವು. ಈಚೆಗೆ ಹಿಟ್ಟಿನ ಗಿರಣಿ ಬಂತು, ರಾಗಿಕಲ್ಲುಗಳು ಹಿತ್ತಲು ಸೇರಿದವು. ಈಗ ಅವುಗಳ ಬಾಯಲ್ಲಿ ಮಳೆನೀರು ನಿಲ್ಲುತ್ತದೆ, ಗುಬ್ಬಚ್ಚಿ ಬಂದು ಕುಡಿಯುತ್ತದೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುತ್ತ ಹಾಡುವ ಅಜ್ಜಿಯರೂ ಇಲ್ಲ. ಆ ಸದ್ದು ಕೇಳಿ ಬೆಳೆದವರಿಗೆ ಅದಿಲ್ಲದ ಬೆಳಗು ಇವತ್ತಿಗೂ ಭಣಭಣ ಎನ್ನಿಸುತ್ತದೆ.

ಆದರೆ ನಿಮ್ಮ ಮನೆಯ ಬೆಕ್ಕನ್ನು ನೋಡಿ. ಮಲಗುವ ಮುಂಚೆ ಅದು ಇದ್ದಲ್ಲೇ ಮೆಲ್ಲಗೆ ಸುತ್ತುತ್ತದೆ, ಆಮೇಲೆ ರಾಗಿಕಲ್ಲಿನ ಹಾಗೆ ದುಂಡಗಾಗುತ್ತದೆ. ಖುಷಿಯಾದಾಗಷ್ಟೇ ಅಲ್ಲ, ನೋವಾದಾಗಲೂ ಹೆದರಿದಾಗಲೂ ಅದು ಗುರುಗುಟ್ಟುತ್ತದೆ. ನಿಮಗೂ ಎಂದಾದರೂ ಮೊರ ತುಂಬ ಅಳು ಬಂದರೆ, ಹೋಗಿ ಅದರ ಬೆನ್ನಿಗೆ ಕಿವಿಯಿಟ್ಟು ಮಲಗಿ: ಅಲ್ಲಿ ಈರಜ್ಜಿಯ ಕಲ್ಲು, ಒಂದೊಂದೇ ಹಿಡಿಯಾಗಿ, ಇನ್ನೂ ಬೀಸುತ್ತಲೇ ಇದೆ.